ಏನೂ ಕಷ್ಟವಿಲ್ಲ

ಸಾನ್ ಬ್ರೌಲಿಯೊ
11 ಮಾರ್ಚ್ 2001

ಅಮ್ಮ,

ಸಿಟ್ಟಿನಲ್ಲಿ ಕಾಗದ ಬರೆಯಬಾರದೆಂದು ನಿನ್ನೆಯೆಲ್ಲ ಸುಮ್ಮನಿದ್ದೆ. ಸಿಟ್ಟು ಇಳಿಯಲಿಲ್ಲ. ಇವತ್ತು ಬರೆಯದಿದ್ದರೆ ದೋನ್ ಸೆಫೆರಿನೊ ದೋಣಿ ಹೊರಟುಹೋಗುತ್ತದೆ, ಆಮೇಲೆ ಇನ್ನೊಂದು ವಾರ ನಾನೊಬ್ಬಳೇ ಇಲ್ಲಿ ಕುದಿಯುತ್ತ ಕೂರಬೇಕು. ಶಾಲೆಯ ಫೋನಿಗೆ ಮಾಡೋಣವೆಂದರೆ ಮೇಷ್ಟ್ರಿಂದ ಹಿಡಿದು ಇಡೀ ತಾಯುಕೊ ದ್ವೀಪ ಕಿವಿ ಚಾಚಿಕೊಂಡು ನಿಂತಿರುತ್ತದೆ.

ನಿನ್ನ ಸೊಂಟದ ಪ್ರಶ್ನೆಪತ್ರಿಕೆ ಆಸ್ಪತ್ರೆಗೆ ಬಂತು. ಮೂಳೆ ವಿಭಾಗದ ಕೌಂಟರಿನಲ್ಲಿ ಆ ಪತ್ರಿಕೆಗಳನ್ನು ಹಂಚುವುದು, ತುಂಬಿ ಬಂದದ್ದಕ್ಕೆ ಅಂಕ ಹಾಕುವುದು ನನ್ನ ಕೆಲಸ ತಾನೆ? ನಿನ್ನದಕ್ಕೂ ನಾನೇ ಹಾಕಿದೆ. ಮೊದಲಿಂದ ಕೊನೆಯವರೆಗೆ ಎಲ್ಲ ಪ್ರಶ್ನೆಗೂ ಒಂದೇ ಚೌಕಕ್ಕೆ ಗುರುತು ಹಾಕಿದ್ದೀಯ. ‘ಏನೂ ಕಷ್ಟವಿಲ್ಲ.’ ನೆಟ್ಟಗೆ ಹೊಲಿಗೆ ಹಾಕಿದ ಹಾಗೆ, ಒಂದರ ಕೆಳಗೊಂದು. ನಾನು ಕೂಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಸೊನ್ನೆ ಎಂದು ಬರೆದೆ.

ಅಮ್ಮ, ಇದು ಶಾಲೆಯ ಪರೀಕ್ಷೆಯಲ್ಲ. ಇಲ್ಲಿ ಕಷ್ಟ ಹೇಳಿಕೊಂಡವರಿಗೆ ಅಂಕ. ಹೆಚ್ಚು ಅಂಕ ಬಂದವರಿಗೆ ಮೊದಲು ಆಪರೇಷನ್. ಸೊಂಟಕ್ಕೆ ಹೊಸ ಕೀಲು ಹಾಕುವ ಡಾಕ್ಟರು ನಮ್ಮಲ್ಲಿ ಒಬ್ಬರೇ ಇರುವುದು, ಅವರಿಗಾಗಿ ಕಾಯುವವರು ಎಲ್ಲಾ ದ್ವೀಪಗಳಲ್ಲೂ ಇದ್ದಾರೆ. ಅವರು ಒಂದು ಕೈಯಲ್ಲಿ ನಿನ್ನ ಎಕ್ಸ್‌ರೇ, ಇನ್ನೊಂದು ಕೈಯಲ್ಲಿ ನಿನ್ನ ಪತ್ರಿಕೆ ಹಿಡಿದುಕೊಂಡು ನಕ್ಕರು.

“ಇದ್ನ ನೋಡಿದ್ರೆ ಕೀಲು ಪೂರ್ತಿ ಸವೆದುಹೋಗಿದೆ. ಇದ್ನ ನೋಡಿದ್ರೆ ಈ ಯಮ್ಮ ನಾಳೆ ಮದುವೇಲಿ ಕುಣೀಬಹುದು. ನಾನು ಯಾವುದನ್ನ ನಂಬ್ಲಿ ಮಿರ್ತಾ?”

“ಅದು ನಮ್ಮಮ್ಮ, ಡಾಕ್ಟ್ರೇ,” ಅಂದೆ.

“ಯಾರಮ್ಮ ಆದ್ರೂ ನಿಯಮ ಒಂದೇ,” ಅಂದು ಪಟ್ಟಿಯ ತಳಕ್ಕೆ ನಿನ್ನ ಹೆಸರು ಹಾಕಿದರು.

ಜನವರಿಯಲ್ಲಿ ನಾನು ಬಂದಾಗ ನೀನು ದಿಬ್ಬ ಇಳಿದದ್ದನ್ನು ನೋಡಿದ್ದೇನೆ. ಬೇಲಿ ಹಿಡಿದುಕೊಂಡು, ಹಿಂದುಹಿಂದಕ್ಕೆ ಇಳಿಯುತ್ತಿದ್ದೆ. ಏನೂ ಕಷ್ಟವಿಲ್ಲವಂತೆ! ಯಾಕೆ ಹಾಗೆ ಬರೆದೆ? ಹೇಳು.

ನೊಲ್ಡೊ ಅಣ್ಣನಿಗೆ ಮುತ್ತು.

ನಿನ್ನ ಮೇಲೆ ಮುನಿದಿರುವ
ಮಿರ್ತಾ


ತಾಯುಕೊ ದ್ವೀಪ
2 ಏಪ್ರಿಲ್ 2001

ಮಗಳೇ,

ನಿನ್ನ ಬೈಗುಳ ತಲುಪಿತು. ಒದ್ದೆಯಾಗದಿರಲಿ ಎಂದು ಸೆಫೆರಿನೊ ಅದನ್ನು ಟೋಪಿಯೊಳಗೆ ಇಟ್ಟುಕೊಂಡು ತಂದ. ನಾವು ಚೆನ್ನಾಗಿದ್ದೇವೆ. ನಿನ್ನ ಅಣ್ಣನಿಗೆ ಮೂವತ್ತನಾಲ್ಕು ತುಂಬಿತು. ಮಾತು ಬರಲಿಲ್ಲ, ಕಾಲು ಬರಲಿಲ್ಲ, ಮೈ ಮಾತ್ರ ಬರುತ್ತಲೇ ಇದೆ. ಬೆಳಗ್ಗೆ ರೇಡಿಯೋದಲ್ಲಿ ದ್ವೀಪದವರಿಗೆ ಬಂದ ಸಂದೇಶಗಳನ್ನು ಓದುವ ಹೊತ್ತಿಗೆ ಅವನನ್ನು ಹಾಸಿಗೆಯಿಂದ ಎತ್ತಿ ಒಲೆಯ ಪಕ್ಕ ಕೂರಿಸಿರಬೇಕು. ಇಲ್ಲದಿದ್ದರೆ ಆ ಕೂಗಾಟಕ್ಕೆ ಕೋಳಿಗಳು ಬೇಲಿ ಹಾರುತ್ತವೆ.

ಆ ಪತ್ರಿಕೆಯ ಕಥೆ ಕೇಳು. ಅದರ ಮೊದಲನೇ ಪ್ರಶ್ನೆ ಹೀಗಿದೆ: ‘ಕಳೆದ ನಾಲ್ಕು ವಾರಗಳ ಅವಧಿಯಲ್ಲಿ, ತಮ್ಮ ಬಾಧಿತ ಕೀಲಿನ ಕಾರ್ಯಕ್ಷಮತೆಯಲ್ಲಿನ ನ್ಯೂನತೆಯ ಪರಿಣಾಮವಾಗಿ ತಮ್ಮ ದೈನಂದಿನ ಚಟುವಟಿಕೆಗಳಲ್ಲಿ ಉಂಟಾದ ವ್ಯತ್ಯಯದ ಪ್ರಮಾಣವನ್ನು ಸೂಚಿಸಿ.’ ಓದಿದೆ, ಮತ್ತೆ ಓದಿದೆ. ನಾನು ಚಿಕ್ಕವಳಿದ್ದಾಗ ಪಾದ್ರಿಗಳು ಲ್ಯಾಟಿನ್ನಿನಲ್ಲಿ ಪೂಜೆ ಮಾಡುತ್ತಿದ್ದರಲ್ಲ, ಅದರಲ್ಲೂ ಇದಕ್ಕಿಂತ ಹೆಚ್ಚು ತಿಳಿಯುತ್ತಿತ್ತು. ನಾನು ಕಲಿತದ್ದು ಮೂರನೇ ಕ್ಲಾಸು. ಕೊನೆಗೆ, ದಿನಾ ಮಾಡುವ ಕೆಲಸಕ್ಕೆ ಅಡ್ಡಿ ಇದೆಯಾ ಎಂದು ಕೇಳುತ್ತಿದ್ದಾರೆ ಎಂದುಕೊಂಡೆ. ನಾನು ದಿನಾ ಏನು ಮಾಡುತ್ತೇನೆ? ಕಡಲಿಗಿಳಿದು ಮಾರುವುದಕ್ಕೆ ಪಾಚಿ ಕೀಳುವುದನ್ನು ಬಿಟ್ಟು ಎರಡು ಚಳಿಗಾಲ ಆಯಿತು. ಚರ್ಚಿಗೆ ಹೋಗುವುದನ್ನೂ ಬಿಟ್ಟೆ. ಬಿಟ್ಟ ಕೆಲಸಕ್ಕೆ ಅಡ್ಡಿ ಎಲ್ಲಿಂದ ಬರಬೇಕು?

ಸ್ನಾನದ ತೊಟ್ಟಿಗೆ ಇಳಿಯುವಾಗ ಕಷ್ಟವೇ ಎಂದು ಕೇಳಿದ್ದರು. ನಮಗೆ ತೊಟ್ಟಿ ಎಲ್ಲಿದೆ? ಏನೂ ಕಷ್ಟವಿಲ್ಲ. ಕಾರು ಹತ್ತುವಾಗ? ತಾಯುಕೊದಲ್ಲಿ ಕಾರು ಕಂಡವರು ಯಾರು? ಏನೂ ಕಷ್ಟವಿಲ್ಲ. ಭಾರದ ಮನೆಗೆಲಸ? ಆಲೂಗಡ್ಡೆ ಅಗೆಯುವ ದಿನ ನಮ್ಮ ಮನೆಯಲ್ಲಿ ಮಿಂಗಾ ಇತ್ತು. ಊರವರೆಲ್ಲ ಬಂದು ಅಗೆದರು, ಮೂಟೆ ಕಟ್ಟಿದರು, ಅಟ್ಟಕ್ಕೆ ಏರಿಸಿದರು, ನಾನು ಬೇಯಿಸಿದ ಆಲೂಗಡ್ಡೆ ರೊಟ್ಟಿ ತಿಂದು ನಕ್ಕೊಂಡು ಹೋದರು. ಕೆಲಸ ಆಗಿದೆಯಲ್ಲ! ನನಗೆ ಕಷ್ಟವಾಯಿತು ಎಂದು ಬರೆದರೆ ಬಂದು ದುಡಿದವರಿಗೆ ಅವಮಾನ ಮಾಡಿದ ಹಾಗೆ. ನನ್ನ ಕೈಯಲ್ಲಿ ಅದು ಆಗುವುದಿಲ್ಲ.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಪುರಸಭೆಯಿಂದ ಸೆನ್ಯೊರೀತಾ ಪಾವ್ಲಿನಾ ಬರುತ್ತಾಳಲ್ಲ, ನೊಲ್ಡೊನನ್ನು ನೋಡಲು. ಅವಳ ಹತ್ತಿರವೂ ಇಂಥದೇ ಒಂದು ಪತ್ರಿಕೆ ಇದೆ. ತಾಯಿ ಅವನನ್ನು ಎತ್ತಬಲ್ಲಳೇ, ತೊಳೆಯಬಲ್ಲಳೇ, ತಿನ್ನಿಸಬಲ್ಲಳೇ. ಅದಕ್ಕೆ ನಾನು ಯಾವತ್ತೂ ಹೇಳುವುದು ಒಂದೇ ಮಾತು. ಅವಳು ಬರುವ ದಿನ ನೋವಿನ ಮಾತ್ರೆ ನುಂಗಿ ನೆಟ್ಟಗೆ ನಿಂತು ಹೇಳುತ್ತೇನೆ. ಆಚೆ ದ್ವೀಪದ ಎರ್ಸಿಲಿಯಾ ತನ್ನ ತಮ್ಮನ ವಿಷಯದಲ್ಲಿ ಬಾಯ್ತಪ್ಪಿ “ಸಾಕಾಗ್ಹೋಗಿದೆ ನಂಗೆ” ಅಂದಳು. ಸ್ವಲ್ಪ ದಿನಕ್ಕೆ ಎಂದು ಅವನನ್ನು ಆಶ್ರಮಕ್ಕೆ ಕರೆದುಕೊಂಡು ಹೋದರು. ಅವನನ್ನು ಹೂಳಿದ್ದೂ ಅಲ್ಲೇ. ಹಾಗಾಗಿ ಅಂಥ ಕಾಗದ ಕಂಡರೆ ನನ್ನ ಕೈ ತಾನಾಗಿ ಮೊದಲನೇ ಚೌಕಕ್ಕೆ ಹೋಗುತ್ತದೆ.

ನನಗೆ ಹೊಸ ಸೊಂಟ ಬೇಕಾಗಿರುವುದು ಕುಣಿಯುವುದಕ್ಕಲ್ಲ ಎಂದು ನಿನ್ನ ಡಾಕ್ಟರಿಗೆ ಹೇಳು. ನೊಲ್ಡೊನನ್ನು ಎತ್ತುವುದಕ್ಕೆ. ಅಷ್ಟೇ ನನ್ನ ಆಸೆ.

ಹಸಿ ಗಾಳಿಯಲ್ಲಿ ಕುತ್ತಿಗೆ ಮುಚ್ಚಿಕೊಂಡು ಓಡಾಡು.

ಅಮ್ಮ


ಸಾನ್ ಬ್ರೌಲಿಯೊ
6 ಮೇ 2001

ನನ್ನಮ್ಮ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಕೌಂಟರಿನ ಕೆಳಗೆ ಬಗ್ಗಿ ಅತ್ತೆ. ನಿನಗೆ ಸೊನ್ನೆ ಹಾಕಿದ ಕೈಯಿಂದಲೇ ಇನ್ನೆಷ್ಟು ಜನ ದ್ವೀಪದವರಿಗೆ ಸೊನ್ನೆ ಹಾಕಿದ್ದೇನೋ!

ಮಿಂಗಾದ ಭಾಗವನ್ನು ಡಾಕ್ಟರಿಗೆ ಓದಿ ಹೇಳಿದೆ. ಅವರು ಸಾಂತಿಯಾಗೊ ಕಡೆಯವರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ, “ಈ ಪತ್ರಿಕೆ ಹೊರದೇಶದ್ದು. ಯಾರೋ ರಾಜಧಾನೀಲಿ ಕೂತ್ಕೊಂಡು ಭಾಷೆ ಬದಲಾಯ್ಸಿದಾರೆ. ನಿಂಗೆ ಆಗತ್ತಾದ್ರೆ ನಮ್ಮ ಜನಕ್ಕೆ ತಿಳಿಯೋ ಹಾಗೆ ಮಾಡು ನೋಡೋಣ,” ಅಂದರು. ಲೇವಡಿ ಮಾಡಿದರೋ, ನಿಜವಾಗಿ ಹೇಳಿದರೋ ಗೊತ್ತಾಗಲಿಲ್ಲ. ನಾನು ನಿಜವೆಂದೇ ಹಿಡಿದುಕೊಂಡೆ.

ನಾನೂ ವಾರ್ಡಿನ ನರ್ಸ್ ಇವೊನಾ ಕೂಡ ಮಧ್ಯಾಹ್ನದ ಊಟ ಬಿಟ್ಟು ಕೂತೆವು. ಉದ್ದ ಪದಗಳನ್ನೆಲ್ಲ ಕಿತ್ತು ಬಿಸಾಡಿದೆವು. ತೊಟ್ಟಿ ಹೋಯಿತು, ದೋಣಿ ಬಂತು. ‘ದೋಣಿಯಿಂದ ಇಳಿಯುವಾಗ ಯಾರಾದರೂ ನಿಮ್ಮನ್ನು ಹಿಡಿದುಕೊಳ್ಳಬೇಕಾ?’ ‘ನೀವು ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟಿದ್ದೀರಿ?’ ‘ನಿಮ್ಮ ಬದಲು ಈಗ ಅದನ್ನು ಯಾರು ಮಾಡುತ್ತಾರೆ?’ ಹೀಗೆ. ಕಾರಿಡಾರಿನಲ್ಲಿ ಕಾಯುತ್ತಿದ್ದವರಿಗೆ ಓದಿ ತೋರಿಸಿದೆವು. ತಿಳಿಯದ ಕಡೆ ಮತ್ತೆ ಬದಲಾಯಿಸಿದೆವು. ಒಬ್ಬ ಮುದುಕ, ದಡದಲ್ಲಿ ಕಪ್ಪೆಚಿಪ್ಪು ಆಯುವವನು, ಕೇಳಿಸಿಕೊಂಡು, “ಅಲ್ಲ ಕಣವ್ವ, ಇಷ್ಟೇನಾ ಕೇಳ್ತಿದ್ದಿದ್ದು? ನಾನು ಕೋರ್ಟಿನ ಕಾಗ್ದ ಅಂತ ಹೆಂಡ್ತಿ ಕೈಲಿ ಸೈನ್ ಹಾಕ್ಸಿದ್ನಲ್ಲ!” ಅಂದ. ಎಲ್ಲರೂ ನಕ್ಕುಬಿಟ್ಟರು. ನನಗೆ ಈ ಕೆಲಸ ಸೇರಿದ ಮೇಲೆ ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಹೊಸ ಪತ್ರಿಕೆ ಇದರ ಜೊತೆ ಇಟ್ಟಿದ್ದೇನೆ. ಅಮ್ಮ, ಈ ಸಲ ಇದ್ದದ್ದು ಇದ್ದ ಹಾಗೆ ಬರೆ. ಪಾವ್ಲಿನಾಳ ಭಯ ಬೇಡ. ಅವಳು ಪುರಸಭೆಯವಳು, ನಾವು ಆಸ್ಪತ್ರೆಯವರು. ಅವಳ ಕಾಗದ ಅವಳ ಹತ್ತಿರ, ನಮ್ಮ ಕಾಗದ ನನ್ನ ಕಪಾಟಿನಲ್ಲಿ. ಬೀಗದ ಕೈ ನನ್ನ ಕುತ್ತಿಗೆಯಲ್ಲಿದೆ. ನೀನು ಬರೆದದ್ದು ಡಾಕ್ಟರು ಬಿಟ್ಟರೆ ಇನ್ನೊಬ್ಬರ ಕಣ್ಣಿಗೆ ಬೀಳುವುದಿಲ್ಲ. ನನ್ನ ಮೇಲೆ ನಂಬಿಕೆ ಇದೆಯೋ ಇಲ್ಲವೋ?

ಪತ್ರಿಕೆಯ ಹಿಂದೆ ಜಾಗ ಬಿಟ್ಟಿದ್ದೇವೆ, ಬೇರೇನಾದರೂ ಹೇಳಬೇಕೆನಿಸಿದವರಿಗೆ. ಅದು ನನ್ನದೇ ಯೋಚನೆ.

ಕಾಯುತ್ತಿರುವ
ನಿನ್ನ ಮಿರ್ತಾ


ತಾಯುಕೊ
17 ಜೂನ್ 2001

ಮಿರ್ತಾ,

ತುಂಬಿದ್ದೇನೆ. ತಡವಾದದ್ದಕ್ಕೆ ಬಿರುಗಾಳಿ ಒಂದು ಕಾರಣ. ದೋಣಿಗಳು ಹೊರಡಲಿಲ್ಲ. ಇನ್ನೊಂದು ಕಾರಣ ನಾನೇ. ಪತ್ರಿಕೆಯನ್ನು ಒಲೆಯ ಮೇಲಿನ ಗೂಡಿನಲ್ಲಿ ಇಟ್ಟು, ತೆಗೆದು, ಮತ್ತೆ ಇಟ್ಟೆ.

ಓದಿದ ತಕ್ಷಣ ತಿಳಿಯುವ ಕಾಗದ ಒಳ್ಳೆಯದಲ್ಲ ಮಗಳೇ. ಹಳೆಯದರಲ್ಲಿ ಆ ದೊಡ್ಡ ದೊಡ್ಡ ಪದಗಳ ಹಿಂದೆ ನಾನು ಹಾಯಾಗಿದ್ದೆ. ಇದು ನೀನೇ ಎದುರು ಕೂತು ಕೇಳಿದ ಹಾಗಿತ್ತು. ‘ಯಾವ ಕೆಲಸ ಬಿಟ್ಟಿದ್ದೀರಿ?’ ಎಂದು ಕೇಳಿದ್ದೀಯಲ್ಲ, ಬರೆಯುತ್ತ ಹೋದೆ. ಪಾಚಿ, ಚರ್ಚು, ಕುರಿ, ಪಕ್ಕದ ಲುದೊವಿನಾ ಮನೆಗೆ ಹೋಗಿ ಹರಟುವುದು, ಮಂಡಿಯೂರಿ ಜಪ ಮಾಡುವುದು, ಕಾಲುಚೀಲ ಹಾಕಿಕೊಳ್ಳುವುದು. ನೀನು ಬಿಟ್ಟ ಗೆರೆಗಳು ಸಾಲಲಿಲ್ಲ. ಇಷ್ಟೆಲ್ಲ ಹೋಗಿದೆ ಎಂದು ನನಗೇ ಗೊತ್ತಿರಲಿಲ್ಲ. ಸ್ವಲ್ಪ ಅತ್ತೆ. ನೊಲ್ಡೊ ನನ್ನ ಮುಖ ನೋಡಿ ತಾನೂ ಶುರು ಮಾಡಿದ, ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ನನ್ನ ಅಳು ನಿಂತಿತು.

ಹಿಂದಿನ ಜಾಗದಲ್ಲೂ ಬರೆದಿದ್ದೇನೆ. ನಿನಗೆ ಹೇಳಿರದ ಮಾತು ಅದರಲ್ಲಿದೆ, ಅಲ್ಲಿ ಓದಿ ಗಾಬರಿಯಾಗುವುದು ಬೇಡ ಎಂದು ಇಲ್ಲೇ ಹೇಳುತ್ತೇನೆ. ಮೇ ತಿಂಗಳ ಕೊನೆಯಲ್ಲಿ ಅವನನ್ನು ಎತ್ತಿಕೊಂಡಿದ್ದಾಗ ಕಾಲು ಕೈಕೊಟ್ಟಿತು. ಇಬ್ಬರೂ ಬಿದ್ದೆವು. ಅವನು ನನ್ನ ಮೇಲೆ ಬಿದ್ದ, ಪೆಟ್ಟಾಗಲಿಲ್ಲ. ನನಗೆ ಏಳಲಾಗಲಿಲ್ಲ. ಒಲೆ ಆರಿತು. ಅವನು ಮೊದಲು ಆಟವೆಂದುಕೊಂಡು ನಕ್ಕ, ಆಮೇಲೆ ಚಳಿಗೆ ನಡುಗಿದ. ಸೆಫೆರಿನೊ ಮೀನು ಕೊಡಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

“ಏನ್ ರೊಸೆಂದಾ ಇದು, ಯಾವಾಗಿಂದ ಹಿಂಗ್ ಬಿದ್ದಿದೀಯ?”

“ಈಗ್ ತಾನೇ,” ಅಂದೆ.

“ಸುಳ್ಳು ಬೊಗಳ್ಬೇಡ, ಒಲೆ ತಣ್ಣಗಾಗಿದೆ!” ಅಂದ. ಅವನ ಕಣ್ಣಲ್ಲಿ ನೀರಿತ್ತು.

ಯಾರಿಗೂ ಹೇಳಬೇಡ ಎಂದು ಅವನ ಕೈಲಿ ಆಣೆ ಹಾಕಿಸಿಕೊಂಡೆ. ಈಗ ನಾನೇ ಹೇಳಿದ್ದೇನೆ, ಅದೂ ಬರೆದು. ನೀನು ಕೇಳಿದೆ ಎಂದು. ನಿನ್ನ ಕಪಾಟಿನ ಬೀಗ ಗಟ್ಟಿಯಿರಲಿ.

ನಾನು ಆಸ್ಪತ್ರೆಯಲ್ಲಿರುವಾಗ ನೊಲ್ಡೊನನ್ನು ಲುದೊವಿನಾ ನೋಡಿಕೊಳ್ಳುತ್ತಾಳೆ, ಎತ್ತುವುದಕ್ಕೆ ಸೆಫೆರಿನೊ ಮತ್ತು ಅವನ ಭಾವಮೈದ ಬರುತ್ತಾರೆ. ಎಲ್ಲ ಮಾತಾಡಿಯಾಗಿದೆ. ಆಲೂಗಡ್ಡೆಗೆ ಬಂದವರು ಅವನಿಗೆ ಬರುವುದಿಲ್ಲವೇ?

ಅಮ್ಮ


ಸಾನ್ ಬ್ರೌಲಿಯೊ
22 ಜುಲೈ 2001

ಅಮ್ಮ,

ಸಿಕ್ಕಿತು! ಆಗಸ್ಟ್ ಕೊನೆಯ ವಾರ. ಇಷ್ಟು ಹೆಚ್ಚಿನ ಅಂಕ ಈ ವರ್ಷ ಯಾರಿಗೂ ಬಂದಿಲ್ಲ. ತಾರೀಖನ್ನು ರೇಡಿಯೋದಲ್ಲಿ ಹೇಳಿಸುತ್ತೇನೆ, ನಿನ್ನ ಹೆಸರು ಕೇಳಿ ನೊಲ್ಡೊ ಹಾರಾಡಲಿ.

ಇನ್ನೊಂದು ಮಾತಿದೆ. ನೀನು ಪೂರ್ತಿ ಓದುವವರೆಗೆ ಸಿಟ್ಟಾಗಬೇಡ.

ಡಾಕ್ಟರು ನೀನು ಪತ್ರಿಕೆಯ ಹಿಂಬದಿಯಲ್ಲಿ ಬರೆದದ್ದನ್ನು ನಿಂತುಕೊಂಡೇ ಓದಿದರು. ಈ ಸಲ ನಗಲಿಲ್ಲ. “ಈಕೆ ಮಲಗಿದ್ದಾಗ ಆ ಮಗನ್ನ ಯಾರು ನೋಡ್ತಾರೆ? ನೆರೆಮನೆಯವ್ರು ಅಂತ ನಾನು ಬರೆಯೋಕಾಗತ್ತಾ?” ಅಂದರು. ಹೀಗೆ ಒಬ್ಬರನ್ನು ನೋಡಿಕೊಳ್ಳುವ ರೋಗಿ ಇದ್ದರೆ ಪುರಸಭೆಯ ಸಮಾಜ ಕಲ್ಯಾಣದವರಿಗೆ ತಿಳಿಸಬೇಕು ಎಂಬ ನಿಯಮವಿದೆಯಂತೆ. ನನಗೆ ಗೊತ್ತಿರಲಿಲ್ಲ, ದೇವರಾಣೆಗೂ ಗೊತ್ತಿರಲಿಲ್ಲ. ಹಳೆಯ ಪತ್ರಿಕೆಯಲ್ಲಿ ಯಾರೂ ಇಂಥದ್ದನ್ನು ಬರೆದೇ ಇರಲಿಲ್ಲವಲ್ಲ! ನನ್ನನ್ನೇ ಕೇಳಿದರು, ನಕಲು ಕಳಿಸೋಣವೇ ಎಂದು. ನೀವಿಬ್ಬರೂ ತಣ್ಣನೆ ನೆಲದ ಮೇಲೆ ಬಿದ್ದಿದ್ದದ್ದು ನನ್ನ ಕಣ್ಣ ಮುಂದಿತ್ತು. ಕಳಿಸಿ ಎಂದೆ.

ಇಲ್ಲಿ ಸಿಸ್ಟರುಗಳು ನಡೆಸುವ ಒಂದು ಆಶ್ರಮವಿದೆ, ನಾನು ಹೋಗಿ ನೋಡಿ ಬಂದೆ. ಚೊಕ್ಕಟವಾಗಿದೆ, ಬೆಚ್ಚಗಿದೆ. ನೀನು ಏಳುವ ತನಕ ಮಾತ್ರ. ಕೆಲವು ವಾರ. ನನ್ನ ಬಾಡಿಗೆ ಕೋಣೆಗೇ ಕರೆತರುತ್ತಿದ್ದೆ, ಆದರೆ ಅವನ ಗಾಲಿಕುರ್ಚಿ ಆ ಬಾಗಿಲಲ್ಲಿ ತೂರುವುದಿಲ್ಲ. ಎಲ್ಲ ನಿನ್ನ ಒಳ್ಳೆಯದಕ್ಕೇ ಅಮ್ಮ. ಎರಡು ಸಾಲಾದರೂ ಬರೆ.

ಮಿರ್ತಾ


ತಾಯುಕೊ
19 ಆಗಸ್ಟ್ 2001

ಮಿರ್ತಾ,

ರೇಡಿಯೋದಲ್ಲಿ ಎರಡು ಸಂದೇಶ ಬಂದವು. ಒಂದು ನೀನು ಹೇಳಿಸಿದ್ದು. ಅದರ ಮಾರನೆಯ ದಿನ ಇನ್ನೊಂದು: ‘ತಾಯುಕೊದ ರೊಸೆಂದಾ ಚಿಗ್ವಾಯ್ ಅವರಿಗೆ, ಗುರುವಾರ ಪುರಸಭೆಯ ದೋಣಿ ಬರುತ್ತದೆ, ಮಗನ ಬಟ್ಟೆಬರೆ ಕಟ್ಟಿ ಸಿದ್ಧವಾಗಿಡಿ.’ ಊರವರೆಲ್ಲ ಕೇಳಿದರು. ನನ್ನ ಹೆಸರು ಮತ್ತೆ ಬಂತೆಂದು ನೊಲ್ಡೊ ಚಪ್ಪಾಳೆ ತಟ್ಟಿದ.

ಪಾವ್ಲಿನಾ ಇಬ್ಬರು ಗಂಡಸರನ್ನು ಕರೆತಂದಿದ್ದಳು. ನಾನು ಮಾತ್ರೆ ನುಂಗಿ, ತಲೆ ಬಾಚಿ, ನೆಟ್ಟಗೆ ಬಾಗಿಲಲ್ಲಿ ನಿಂತಿದ್ದೆ. ನನಗೇನೂ ಕಷ್ಟವಿಲ್ಲ ಎಂದೆ. ಅವಳು ಕೆಟ್ಟವಳಲ್ಲ. ಚೀಲದಿಂದ ಕಾಗದ ತೆಗೆದು ಮೆತ್ತಗೆ ಓದಿದಳು. ‘ಒಲೆ ಆರಿತು. ಅವನು ಚಳಿಗೆ ನಡುಗಿದ.’

“ಇದು ನೀವೇ ಬರ್ದಿದ್ದಲ್ವಾ ದೊನ್ಯಾ ರೊಸೆಂದಾ?” ಅಂದಳು.

ಅಕ್ಷರ ನನ್ನದೇ. ಆ ಹಳೆಯ ಪತ್ರಿಕೆಯಾಗಿದ್ದರೆ, ನನಗೆ ಓದಿ ತಿಳಿಯಲಿಲ್ಲ ಸೆನ್ಯೊರೀತಾ, ಯಾವುದೋ ಚೌಕಕ್ಕೆ ಗುರುತು ಹಾಕಿದೆ ಎಂದು ಜಾರಿಕೊಳ್ಳುತ್ತಿದ್ದೆ. ಇದಕ್ಕೆ ಆ ದಾರಿಯೂ ಇರಲಿಲ್ಲ. ಲುದೊವಿನಾ ಮುಂದೆ ಬಂದು, “ನಾವಿದೀವಲ್ಲ, ನಾವೆಲ್ಲ ನೋಡ್ಕೋತೀವಿ!” ಎಂದು ಜಗಳಕ್ಕೇ ನಿಂತಳು. “ನೀವು ಒಳ್ಳೆಯೋರೇ. ಆದ್ರೆ ನನ್ನ ಕಾಗದದಲ್ಲಿ ನಿಮಗೆ ಜಾಗ ಇಲ್ಲ,” ಅಂದಳು ಪಾವ್ಲಿನಾ. ಸೆಫೆರಿನೊ ಟೋಪಿ ಕೈಯಲ್ಲಿ ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಆಣೆ ಮುರಿದವನು ಅವನಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು.

ನೊಲ್ಡೊನನ್ನು ಕುರ್ಚಿಯ ಸಮೇತ ಹೊತ್ತು ದಡಕ್ಕೆ ಇಳಿಸಿದರು. ಅವನಿಗೆ ದೋಣಿ ಎಂದರೆ ಪ್ರಾಣ. ನಗುತ್ತಿದ್ದ ಮಿರ್ತಾ. ನಾನೂ ಹಿಂದಿನಿಂದ ಬರುತ್ತೇನೆ ಎಂದುಕೊಂಡಿದ್ದ. ದೋಣಿ ತಿರುಗುವವರೆಗೂ ಅವನ ನಗು ಕೇಳಿಸುತ್ತಿತ್ತು, ಆಮೇಲೆ ಎಂಜಿನ್ ಸದ್ದು.

ನಾನು ಆಪರೇಷನ್ನಿಗೆ ಬರುತ್ತೇನೆ. ನೀನು ಕರೆದೆ ಎಂದಲ್ಲ. “ನೀವು ಗುಣ ಆಗಿ ಬನ್ನಿ, ಆಮೇಲೆ ನೋಡೋಣ,” ಎಂದು ಪಾವ್ಲಿನಾ ಹೇಳಿದ್ದಾಳೆ. ಅವನನ್ನು ತರಬೇಕಾದರೆ ಈಗ ಬೇರೆ ದಾರಿಯಿಲ್ಲ.

ರೊಸೆಂದಾ


ಸಾನ್ ಬ್ರೌಲಿಯೊ
14 ಅಕ್ಟೋಬರ್ 2001

ಅಮ್ಮ,

ವಾರ್ಡಿನಲ್ಲಿ ಇದ್ದಷ್ಟು ದಿನವೂ ನೀನು ನನ್ನ ಜೊತೆ ಮಾತಾಡಲಿಲ್ಲ. ನರ್ಸುಗಳಿಗೆಲ್ಲ ಕಥೆ ಹೇಳಿ ನಗಿಸುತ್ತಿದ್ದೆ, ನಾನು ಬಂದರೆ ಗೋಡೆಯ ಕಡೆ ಮುಖ. ಪರವಾಗಿಲ್ಲ ಎಂದು ಬರೆಯಲು ಹೊರಟೆ. ಪರವಾಗಿದೆ ಅಮ್ಮ. ನನಗೆ ತಡೆಯಲಾಗುತ್ತಿಲ್ಲ.

ಡಾಕ್ಟರ ಪ್ರಕಾರ ನಿನ್ನ ಕೀಲು ಬಹಳ ಚೆನ್ನಾಗಿ ಕೂತಿದೆ. ಹೇಳಿಕೊಟ್ಟ ವ್ಯಾಯಾಮ ಬಿಡಬೇಡ.

ದಿನಾ ಕೆಲಸ ಮುಗಿಸಿ ನೊಲ್ಡೊ ಹತ್ತಿರ ಹೋಗುತ್ತೇನೆ. ಸುಳ್ಳು ಹೇಳುವುದಿಲ್ಲ, ಅವನು ಇಳಿದುಹೋಗಿದ್ದಾನೆ. ನನ್ನ ಕೈಯಿಂದ ಒಂದೆರಡು ತುತ್ತು ತಿನ್ನುತ್ತಾನೆ, ಬೇರೆಯವರು ಕೊಟ್ಟರೆ ಬಾಯಿ ಬಿಗಿ ಹಿಡಿಯುತ್ತಾನೆ. ಅಲ್ಲಿ ರೇಡಿಯೋ ಇರಲಿಲ್ಲ, ನನ್ನದನ್ನೇ ಒಯ್ದು ಕೊಟ್ಟೆ. ನೀನು ಅವನಿಗೆಂದು ಹೇಳಿಸಿದ ಸಂದೇಶವೂ ಬಂತಂತೆ. ‘ತಾಯುಕೊದಿಂದ ಅಮ್ಮ ಹೇಳುತ್ತಿದ್ದಾಳೆ, ನೊಲ್ಡೊ, ಚೆನ್ನಾಗಿ ಊಟ ಮಾಡು, ಬರುತ್ತಿದ್ದೇನೆ.’ ಅದು ಕೇಳಿದ ಕ್ಷಣದಿಂದ ಬಾಗಿಲು ನೋಡುತ್ತ ಕೂತನಂತೆ. ನಾನು ಹೋದಾಗಲೂ ನೋಡುತ್ತಿದ್ದ, ನನ್ನನ್ನು ದಾಟಿ ಹಿಂದೆ ನೋಡಿದ. ಎರಡು ದಿನ ಏನೂ ತಿನ್ನಲಿಲ್ಲ. ಇನ್ನು ಮೇಲೆ ಹಾಗೆ ಸಂದೇಶ ಕಳಿಸಬೇಡಿ ಎಂದು ಸಿಸ್ಟರ್ ಹೇಳಿದ್ದಾರೆ.

ನಮ್ಮ ಪತ್ರಿಕೆಯನ್ನು ಬೇರೆ ಆಸ್ಪತ್ರೆಗಳೂ ಕೇಳುತ್ತಿವೆ. ಇಷ್ಟು ಸುಲಭವಾಗಿ ಹೇಗೆ ಬರೆದಿರಿ ಎಂದು ಸಾಂತಿಯಾಗೊದಿಂದ ಬಂದವರೊಬ್ಬರು ನನ್ನ ಕೈ ಕುಲುಕಿದರು. ರೋಗಿಗಳಿಗೆ ಮನೆಗೆ ಕೊಟ್ಟು ಕಳಿಸುವ ಸೂಚನೆಗಳನ್ನೂ ನನ್ನ ಕೈಲೇ ಬರೆಸಿದ್ದಾರೆ. ನಿನಗೆ ಕೊಟ್ಟದ್ದು ಅದೇ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಹೇಳಿಕೊಳ್ಳಲು ನನಗೆ ಬೇರೆ ಯಾರೂ ಇಲ್ಲ.

ಆಪರೇಷನ್ ಆಗಿ ಮೂರು ತಿಂಗಳಿಗೆ ತುಂಬಬೇಕಾದ ಪತ್ರಿಕೆ ಜೊತೆಗಿದೆ. ತುಂಬದಿದ್ದರೂ ಸರಿ, ಒಂದು ಸಾಲು ಬರೆ.

ಮಿರ್ತಾ


ತಾಯುಕೊ
16 ಡಿಸೆಂಬರ್ 2001

ಮಗಳೇ,

ನೀನು ಕಳಿಸಿದ ಪತ್ರಿಕೆಯನ್ನು ಖಾಲಿಯಾಗಿಯೇ ಹಿಂದೆ ಕಳಿಸುತ್ತಿದ್ದೇನೆ. ತಿಳಿಯಲಿಲ್ಲ ಎಂದುಕೊಳ್ಳಬೇಡ. ಒಂದೇ ಓದಿಗೆ ಎಲ್ಲ ತಿಳಿಯಿತು.

ಈಗ ದಿಬ್ಬ ಮುಂದೆ ಮುಖ ಮಾಡಿಯೇ ಇಳಿಯುತ್ತೇನೆ. ನೀರಿಳಿದಾಗ ಕಡಲಿಗೆ ಹೋಗಿ ಬುಟ್ಟಿ ತುಂಬ ಪಾಚಿ ತಂದೆ. ಲುದೊವಿನಾ ಕಣ್ಣು ಕಣ್ಣು ಬಿಟ್ಟಳು. ನೊಲ್ಡೊನನ್ನು ಈಗ ಕೇಳಿದರೆ ಕೊಟ್ಟಾರು ಎಂದು ಮಾರನೆಯ ದಿನವೇ ಸೆಫೆರಿನೊ ದೋಣಿಯಲ್ಲಿ ಸಾನ್ ಬ್ರೌಲಿಯೊಗೆ ಬಂದೆ. ನಿನಗೆ ತಿಳಿಸಲಿಲ್ಲ. ನೊಲ್ಡೊನನ್ನು ಕರೆದುಕೊಂಡು ಆಮೇಲೆ ನಿನ್ನ ಬಾಗಿಲು ತಟ್ಟೋಣ, ಮೂವರೂ ಕೂತು ಊಟ ಮಾಡೋಣ, ಅಷ್ಟರಲ್ಲಿ ನನ್ನ ಸಿಟ್ಟೂ ಇಳಿದಿರುತ್ತದೆ ಎಂದುಕೊಂಡಿದ್ದೆ.

ಮೊದಲು ಪಾವ್ಲಿನಾ ಹತ್ತಿರ ಹೋದೆ. ಅವಳ ಮುಂದೆ ಅತ್ತಿಂದಿತ್ತ ನಡೆದು ತೋರಿಸಿದೆ, ಕುರ್ಚಿ ಎತ್ತಿ ತೋರಿಸಿದೆ. “ಅಯ್ಯೋ, ಕುರ್ಚಿ ಇಳಿಸಿ ದೊನ್ಯಾ ರೊಸೆಂದಾ!” ಎಂದು ಓಡಿ ಬಂದಳು. ಆಮೇಲೆ ನಿನ್ನ ಸೂಚನೆಯ ಹಾಳೆ ತೆಗೆದು ನನ್ನ ಮುಂದಿಟ್ಟಳು. ಅದು ನನ್ನ ಹತ್ತಿರವೂ ಇದೆ, ನಾನೂ ಓದಿದ್ದೆ. ಭಾರ ಎತ್ತಬೇಡಿ ಎಂದರೆ ಆಲೂಗಡ್ಡೆ ಮೂಟೆ ಎಂದುಕೊಂಡಿದ್ದೆ. ಮಗನೂ ಭಾರದ ಲೆಕ್ಕಕ್ಕೆ ಬರುತ್ತಾನೆಂದು ನನಗೆ ಹೊಳೆದಿರಲಿಲ್ಲ.

“ಎಷ್ಟು ದಿನ ಎತ್ತಬಾರ್ದು?” ಎಂದು ಕೇಳಿದೆ.

“ದಿನ ಅಲ್ಲಮ್ಮ. ಇನ್ಮೇಲೆ ಯಾವತ್ತೂ. ಎತ್ತಿದ್ರೆ ಕೀಲು ಜಾರತ್ತೆ. ನಾನು ಅವ್ನನ್ನ ನಿಮ್ಮ ಕೈಗೆ ಕೊಟ್ಟು, ನೀವು ಮತ್ತೆ ಬಿದ್ರೆ?”

ಮೊದಲು ಸೊಂಟ ಸರಿಯಿಲ್ಲ ಎಂದು ಕೊಡಲಿಲ್ಲ, ಈಗ ಸರಿಯಾಗಿದೆ ಎಂದು ಕೊಡುವುದಿಲ್ಲ. ನಾನು ಎದ್ದು ಬಂದೆ. ಆಪರೇಷನ್ ಬೇಡವೆಂದು ಕುಂಟುತ್ತ ಕೂತಿದ್ದರೆ ಒಲೆಯ ಪಕ್ಕದಲ್ಲಿ ಅವನಾದರೂ ಇರುತ್ತಿದ್ದ. ಇದನ್ನು ನಿನಗೆ ನೋವಾಗಲಿ ಎಂದೇ ಬರೆಯುತ್ತಿದ್ದೇನೆ, ಬರೆದ ಮೇಲೆ ನನಗೂ ನೋವಾಗುತ್ತಿದೆ. ನೀನು ಕೆಟ್ಟದ್ದು ಬಯಸಲಿಲ್ಲ. ಅದು ನನಗೆ ಗೊತ್ತಿಲ್ಲದೆ ಇಲ್ಲ.

ಆಶ್ರಮಕ್ಕೆ ಹೋದೆ. ನೊಲ್ಡೊ ಕಿಟಕಿಯ ಹತ್ತಿರ ಮಂಚದಲ್ಲಿದ್ದ. ಕೂದಲು ಕತ್ತರಿಸಿದ್ದಾರೆ, ಕಿವಿಗಳು ದೊಡ್ಡದಾಗಿ ಕಾಣುತ್ತವೆ. ನನ್ನನ್ನು ನೋಡಿ ಕೂಗಲಿಲ್ಲ, ನಗಲಿಲ್ಲ. ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈ ಮೇಲೆತ್ತಿದ, ಬೆಳಗ್ಗೆ ಎತ್ತಿಕೋ ಎಂದು ಎತ್ತುತ್ತಿದ್ದನಲ್ಲ, ಹಾಗೆ. ಎಲ್ಲಿ ಹೋಗಿದ್ದೆ ಎಂದು ಕೇಳುವ ಬಾಯಿ ಅವನಿಗಿಲ್ಲ. ಅವನಿಗೆ ಬರುವುದು ಅದೊಂದೇ.

ಎತ್ತಿದೆ.

ಮೈ ಹಗುರಾಗಿಬಿಟ್ಟಿದೆ ಮಿರ್ತಾ, ನೀನು ಬರೆದದ್ದಕ್ಕಿಂತ ಹಗುರ. ಕುತ್ತಿಗೆಯಲ್ಲಿ ಮುಖ ಇಟ್ಟ. ಕಿಟಕಿಯ ತನಕ ನಡೆದೆ, ಬಂದರಿನ ದೋಣಿಗಳನ್ನು ತೋರಿಸಿದೆ. ಸಿಸ್ಟರ್ ನೋಡಿ ಚೀರಿಕೊಂಡಳು, ಇನ್ನಿಬ್ಬರು ಓಡಿ ಬಂದರು. “ಇಳ್ಸಿ, ಇಳ್ಸಿ, ಇಬ್ಬರೂ ಸಾಯ್ತೀರ!” ಎಂದು ನನ್ನ ತೋಳು ಬಿಡಿಸಿದರು. ಮಂಚದ ಮೇಲೆ ಇಳಿಸಿದೆ. ಅವನು ಮತ್ತೆ ಕೈ ಎತ್ತಿದ. ಅವರು ನನ್ನನ್ನು ಹೊರಗೆ ಕರೆದುಕೊಂಡು ಬಂದು, ತಾಯಿ ವೈದ್ಯರ ಮಾತು ಕೇಳುವುದಿಲ್ಲ ಎಂದು ಬರೆದುಕೊಂಡರು. ಇನ್ನು ತಿಂಗಳಿಗೊಂದು ಸಲ, ಪಕ್ಕದಲ್ಲಿ ಒಬ್ಬರು ನಿಂತಿರುವಾಗ, ಮುಟ್ಟದೆ ನೋಡಬಹುದಂತೆ. ನಿನ್ನ ಬಾಗಿಲು ತಟ್ಟುವ ಶಕ್ತಿ ಉಳಿಯಲಿಲ್ಲ. ದೋಣಿಗೆ ಹೋಗಿ ಕೂತೆ.

ನೀನು ಅವನ ಹತ್ತಿರ ಹೋಗುವುದನ್ನು ನಿಲ್ಲಿಸಬೇಡ.

ಎತ್ತುವಾಗ ಸೊಂಟ ಒಂದಿಷ್ಟೂ ನೋಯಲಿಲ್ಲ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಎಲ್ಲೂ ಬರೆದಿಡಬೇಡ.

ನಿನ್ನ
ಅಮ್ಮ